ಮಾಳಿಗೆಯ ಮೇಲಿನ ಹರಕೆ

ಕಲಬುರಗಿಯ ನಮ್ಮ ಶಹಾಬಜಾರದ ಓಣಿಯಲ್ಲಿ ಹೆಣ್ಣುಮಕ್ಕಳು ಮಾಳಿಗೆ ಹತ್ತಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಹಪ್ಪಳದ ಮೊರ, ಮೆಣಸಿನಕಾಯಿಯ ಚೀಲ, ಹಿಂಡಿದ ಬಟ್ಟೆಯ ಬಕೆಟ್, ಯಾವುದಾದರೂ ನಡೆಯುತ್ತದೆ. ಬರಿಗೈಯಲ್ಲಿ ಹತ್ತಿದವಳು ಫೋನಿನಲ್ಲಿ ಯಾರ ಜೊತೆಗೋ ಮಾತಾಡಲಿಕ್ಕೆ ಹತ್ತಿದ್ದಾಳೆ ಎಂದೇ ಓಣಿಯ ತೀರ್ಮಾನ. ಆ ಬೇಸಿಗೆಯಲ್ಲಿ ನಾನು ದಿನಾ ನಸುಕಿನಲ್ಲಿ ಬರಿಗೈಯಲ್ಲೇ ಹತ್ತುತ್ತಿದ್ದೆ. ಆ ಕೈಗಳಿಗೆ ಒಂದಿಷ್ಟು ಬಲ ಬರಿಸಬೇಕಾಗಿತ್ತು. ಇಂಥ ಕಾರಣವೊಂದು ಇರಬಹುದು ಎಂದು ಓಣಿಗೆ ಹೊಳೆಯುವಂತಿರಲಿಲ್ಲ.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅರಣ್ಯ ಇಲಾಖೆಯ ಒಂದು ಹುದ್ದೆಗೆ ಬರೆದ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಉಳಿದದ್ದು ಮೈದಾನದ ಪರೀಕ್ಷೆ: ಓಟ, ಉದ್ದ ಜಿಗಿತ, ಮತ್ತು ನಾಲ್ಕು ಕಿಲೋ ತೂಕದ ಕಬ್ಬಿಣದ ಗುಂಡನ್ನು ಗೆರೆಯಾಚೆ ಎಸೆಯುವುದು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಲೆಕ್ಕಕ್ಕಿಲ್ಲ. ಓಟದ ಚಿಂತೆ ಇರಲಿಲ್ಲ. ಶರಣಸಿರಸಗಿಯ ಕಡೆ ಹೊಸ ಲೇಔಟುಗಳಲ್ಲಿ ಮನೆಗಳಿಗಿಂತ ಮೊದಲು ರಸ್ತೆಗಳು ಬಂದಿವೆ. ಸ್ಕೂಟರ್ ನಿಲ್ಲಿಸಿ ಅಲ್ಲಿ ಓಡಿದರೆ ನೋಡುವವರು ಬೀದಿನಾಯಿಗಳು ಮಾತ್ರ. ಅವು ಬರೀ ನೋಡುತ್ತಿರಲಿಲ್ಲ, ವೇಗವನ್ನೂ ಹೆಚ್ಚಿಸುತ್ತಿದ್ದವು. ಭಯ ಇದ್ದದ್ದು ಗುಂಡಿನದು. ವಿಶ್ವವಿದ್ಯಾಲಯದಲ್ಲಿ ಓದಿದಷ್ಟು ಕಾಲ ನಾನು ಎತ್ತಿದ ಅತಿ ಭಾರದ ವಸ್ತು ಎಂದರೆ ಒಣಗಿಸಿದ ಎಲೆಗಳ ಕಡತ.

ನೌಕರಿ ಸಿಕ್ಕರೆ ಎಲ್ಲೋ ಒಂದು ಊರಲ್ಲಿ ನನ್ನದೇ ಒಂದು ಕೋಣೆ, ಅದಕ್ಕೆ ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಸಿಗದಿದ್ದರೆ ಕಮಲಾಪುರದ ಸಂಬಂಧ. ಅಲ್ಲಿರುವ ನನ್ನ ಸೋದರಮಾವ ಬಾಳೆಹಣ್ಣಿನ ಸಗಟು ವ್ಯಾಪಾರದ ಮನೆತನವೊಂದನ್ನು ನೋಡಿಟ್ಟಿದ್ದ. ಹುಡುಗನ ಬಗ್ಗೆ ನನಗೆ ತಿಳಿದದ್ದು ಫೋಟೋದಲ್ಲಿ ಕಾಣುವಷ್ಟು: ಒಂದು ಕಾರು, ಅದಕ್ಕೆ ಒರಗಿ ನಿಂತ ಒಬ್ಬ ಮನುಷ್ಯ. ಕಾರು ಚೆನ್ನಾಗಿತ್ತು.

ಜಗತ್ ಸರ್ಕಲ್ಲಿನ ಕಡೆ ಒಂದು ಜಿಮ್ ಇದೆ. ವಿಚಾರಿಸಲು ಒಮ್ಮೆ ಹೋದೆ. ಹೆಂಗಸರಿಗೆ ಸಮಯ ಮಧ್ಯಾಹ್ನ ಎಂದು ಬಾಗಿಲಲ್ಲೇ ಬರೆದಿತ್ತು. ಕಲಬುರಗಿಯ ಬೇಸಿಗೆಯ ಮಧ್ಯಾಹ್ನ ನಾಯಿಗಳೂ ಚರಂಡಿಯಿಂದ ಏಳುವುದಿಲ್ಲ. ಆ ಹೊತ್ತಿನಲ್ಲಿ ಗಂಡಸರಿಗೆ ಜಿಮ್ ಬೇಡವಾದ್ದರಿಂದ ಅದು ಹೆಂಗಸರಿಗೆ ಮೀಸಲು. ಒಳಗೆ ತೋಳುಗಳು ಪಕ್ಕಕ್ಕೆ ಇಳಿಯಲಾರದಷ್ಟು ಬೆಳೆದ ಒಬ್ಬ ತರಬೇತುದಾರ ಕೂತಿದ್ದ.

"ಮದಿವಿ ಯಾವಾಗದರಿ ಮ್ಯಾಡಂ?" ಎಂದ.

"ಮದುವೆ ಇಲ್ಲ."

"ಮತ್ತ ವಜನ್ ಯಾಕ ಕಮ್ಮಿ ಮಾಡ್ಕೋತೀರಿ?"

"ಕಮ್ಮಿ ಮಾಡೋದಲ್ಲರಿ. ಕಬ್ಬಿಣದ ಗುಂಡು ಎಸೀಬೇಕು. ತೋಳಿಗೆ ಶಕ್ತಿ ಬೇಕು."

ಅವನು ಸ್ವಲ್ಪ ಹೊತ್ತು ಯೋಚಿಸಿ ದನಿ ತಗ್ಗಿಸಿದ. "ಯಾರ ಮ್ಯಾಲ್ರಿ?"

ನಾನು ಮನೆಗೆ ಬಂದೆ.

ಮನೆಯಲ್ಲೇ ಮಾಡುವುದೆಂದು ನಿಶ್ಚಯಿಸಿದ ಮೇಲೆ ಬೇಕಾದದ್ದೆಲ್ಲ ಕಣ್ಣಿಗೆ ಬೀಳತೊಡಗಿತು. ನಮ್ಮಪ್ಪ ತೊಗರಿಬೇಳೆ ಗಿರಣಿಯೊಂದರಲ್ಲಿ ಕಾರಕೂನ. ನಮ್ಮ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಬೇಳೆ ಇರುತ್ತದೆ. ಹಳೆಯ ಪ್ಯಾಂಟಿನ ಕಾಲಿನಲ್ಲಿ ಬೇಳೆ ತುಂಬಿ ಎರಡೂ ಬಾಯಿ ಹೊಲಿದೆ. ಅದು ನನ್ನ ಗುಂಡು. ದೊಡ್ಡ ಚೀಲದಲ್ಲಿ ಇನ್ನಷ್ಟು ಬೇಳೆ ಹಾಕಿ ಬಾಯಿ ಕಟ್ಟಿದೆ. ಅದನ್ನು ಹೆಗಲ ಮೇಲಿಟ್ಟು ಕುಳಿತು ಏಳುವುದು, ಎದೆಯಿಂದ ತಲೆಯ ಮೇಲಕ್ಕೆ ಎತ್ತುವುದು. ದಪ್ಪ ಚಾದರದ ತುದಿಗೆ ಗಂಟು ಹಾಕಿ, ಗಂಟು ಆಚೆಗೆ ಉಳಿಯುವಂತೆ ಬಾಗಿಲ ಮೇಲೆ ಸಿಕ್ಕಿಸಿ ಮುಚ್ಚಿದರೆ, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ವಾಲಿ ಮೈಯನ್ನು ಎಳೆದುಕೊಳ್ಳಬಹುದು. ಬೆನ್ನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಚೆ ಕಡೆಯಿಂದ ಯಾರೂ ಬಾಗಿಲು ತೆರೆಯಬಾರದು, ಅಷ್ಟೆ. ಒಂದು ದಿನ ಅಪ್ಪ ತೆರೆದ. ಚಾದರದ ಸಮೇತ ನೆಲದ ಮೇಲೆ ಬಿದ್ದ ನನ್ನನ್ನು ನೋಡಿ, "ಮಲಗೂದಿದ್ರ ಮಂಚದ ಮ್ಯಾಲ ಮಲಗವಾ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಪ್ಪ ಹೆಚ್ಚು ಕೇಳುವವನಲ್ಲ. ಕೇಳದಿರುವುದರಲ್ಲಿ ನಾನು ಅವನ ಮಗಳೇ.

ದಂಡ ಹೊಡೆಯುವುದನ್ನು ಗೋಡೆಯಿಂದ ಶುರು ಮಾಡಿದೆ. ಗೋಡೆ ಸುಲಭವಾದ ಮೇಲೆ ಅಡಿಗೆಮನೆಯ ಕಟ್ಟೆ, ಆಮೇಲೆ ಮೆಟ್ಟಿಲು, ಆಮೇಲೆ ನೆಲ. ಇಳಿದಷ್ಟೂ ಕಷ್ಟ. ನೆಲಕ್ಕೆ ಬಂದಾಗ ಜಾಗ ಸಾಲದೆ ಮಾಳಿಗೆ ಹತ್ತಬೇಕಾಯಿತು. ಅವ್ವನಿಗೆ ಮಾತ್ರ ವಿಷಯ ಗೊತ್ತಿತ್ತು. ಅವಳದು ಎರಡೇ ಷರತ್ತು.

"ಹೊತ್ತು ಹೊಂಡೂದರೊಳಗ ಮುಗಸ್ಬೇಕು. ಮತ್ತ ತೋಳು ಗಂಡಸರ ಹಂಗ ಆಗಬಾರದು. ಆ ಅಳತಿ ಕೈಬಳಿ ಬಜಾರದಾಗ ಸಿಗಂಗಿಲ್ಲ."

ಮೊದಲ ಕೆಲವು ವಾರ ನನ್ನ ಪ್ರಗತಿ ನನಗೇ ಬೆರಗು ಹುಟ್ಟಿಸಿತು. ಚೀಲ ದಿನದಿಂದ ದಿನಕ್ಕೆ ಹಗುರವೆನಿಸುತ್ತಿತ್ತು. ಯಾವ ಪುಸ್ತಕದಲ್ಲೂ ಇಷ್ಟು ಬೇಗ ಶಕ್ತಿ ಬರುತ್ತದೆಂದು ಬರೆದಿರಲಿಲ್ಲ. ನಾನು ವಿಜ್ಞಾನ ಓದಿದವಳಾದ್ದರಿಂದ ನನ್ನ ದೇಹದಲ್ಲೇನೋ ವಿಶೇಷವಿದೆ ಎಂದು ತೀರ್ಮಾನಿಸಿದೆ. ಒಂದು ಸಂಜೆ ನೆಂಟರು ಬಂದಾಗ ಅವ್ವ ಒಲೆಯ ಮುಂದಿನಿಂದ ಎದ್ದು, ನನ್ನ ಚೀಲದ ಬಾಯಿ ಬಿಚ್ಚಿ, ಎರಡು ಬೊಗಸೆ ಬೇಳೆ ತೆಗೆದು, ಮತ್ತೆ ಅಷ್ಟೇ ಅಚ್ಚುಕಟ್ಟಾಗಿ ಕಟ್ಟಿಟ್ಟಳು. ಕೈ ಪಳಗಿದ ರೀತಿ ನೋಡಿದರೆ ಅದು ಮೊದಲ ಸಲವಲ್ಲ. ನನ್ನ ಪ್ರಗತಿಯನ್ನು ಮನೆಯವರೆಲ್ಲ ದಿನಾ ಊಟ ಮಾಡುತ್ತಿದ್ದರು.

ಉದ್ದ ಜಿಗಿತಕ್ಕೂ ತೋಳಿಗೂ ಸೇರಿ ನಾನೊಂದು ಪಾಠ ಮಾಡಿಕೊಂಡಿದ್ದೆ. ನಿಂತಲ್ಲಿಂದ ಕೆಳಕ್ಕೆ ಹೋಗಿ ನೆಲದ ಮೇಲೆ ಉದ್ದಕ್ಕೆ ಮಲಗುವುದು, ಕೈಯೂರಿ ಮೈಯನ್ನು ತಳ್ಳಿ ಏಳುವುದು, ಎದ್ದಲ್ಲಿಂದ ಮುಂದಕ್ಕೆ ಜಿಗಿಯುವುದು, ಜಿಗಿದು ನಿಂತಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯುವುದು. ಆ ಗೆರೆಯಿಂದ ಮತ್ತೆ ಮಲಗುವುದು. ಹೀಗೆ ಮಾಳಿಗೆಯ ಈ ತುದಿಯಿಂದ ಆ ತುದಿಗೆ. ನಮ್ಮ ಊರಿನ ಮಾಳಿಗೆ ಹಿಂದಿನ ದಿನದ ಬಿಸಿಲನ್ನು ಬೆಳಗಿನವರೆಗೂ ಇಟ್ಟುಕೊಂಡಿರುತ್ತದೆ. ಆದ್ದರಿಂದ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಆಮೇಲೆ ಬಟ್ಟೆಯ ಸಮೇತ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು ಶುರು ಮಾಡುತ್ತಿದ್ದೆ.

ಈಗ ಇದನ್ನು ಎದುರಿನ ಮಾಳಿಗೆಯಿಂದ, ನಸುಕಿನ ಬೆಳಕಿನಲ್ಲಿ ನೋಡಬೇಕು. ಒದ್ದೆ ಬಟ್ಟೆಯ ಹುಡುಗಿಯೊಬ್ಬಳು ಉದ್ದಕ್ಕೆ ನೆಲಕ್ಕೆ ಬೀಳುತ್ತಾಳೆ, ಏಳುತ್ತಾಳೆ, ಮುಂದೆ ಹೋಗಿ ಗೆರೆ ಎಳೆಯುತ್ತಾಳೆ, ಮತ್ತೆ ಬೀಳುತ್ತಾಳೆ. ನಮ್ಮ ಕಡೆ ದೀಡ ನಮಸ್ಕಾರದ ಹರಕೆ ಹೊತ್ತವರು ಮಾಡುವುದೂ ಇದನ್ನೇ. ಮಿಂದು ಒದ್ದೆ ಬಟ್ಟೆಯಲ್ಲಿ ಮನೆಯಿಂದ ಗುಡಿಯವರೆಗೆ ದಾರಿಯುದ್ದಕ್ಕೂ ಬಿದ್ದು, ಕೈ ಮುಟ್ಟಿದಲ್ಲಿ ಗೆರೆ ಹಾಕಿ, ಎದ್ದು, ಆ ಗೆರೆಯಿಂದ ಮತ್ತೆ ಬೀಳುತ್ತಾರೆ. ಜಿಗಿತ ಒಂದು ಹೆಚ್ಚು. ಅದನ್ನು ಭಕ್ತಿಯ ಆವೇಶವೆಂದು ತಿಳಿದುಕೊಂಡರಾಯಿತು.

ಎದುರುಮನೆಯ ಕಾಕು ಹಾಗೆಯೇ ತಿಳಿದುಕೊಂಡಳು. ಅವಳು ನಿವೃತ್ತ ಶಿಕ್ಷಕರೊಬ್ಬರ ಹೆಂಡತಿ. ಗಂಡ ಶಾಲೆಯಲ್ಲಿ ಹಾಜರಿ ತೆಗೆದುಕೊಂಡಂತೆ ಅವಳು ಓಣಿಯಲ್ಲಿ ತೆಗೆದುಕೊಳ್ಳುತ್ತಾಳೆ. ಒಂದು ಬೆಳಿಗ್ಗೆ ತಟ್ಟೆಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ನಮ್ಮ ಮನೆಗೆ ಬಂದಳು. ನಾನು ಕಾಲಿಗೆ ಬೀಳಲು ಬಗ್ಗಿದರೆ ಹಿಂದಕ್ಕೆ ಸರಿದು ನನಗೇ ಕೈಮುಗಿದಳು.

"ಬ್ಯಾಡವ್ವಾ, ನೀ ಈಗ ಯಾರ ಕಾಲಿಗೂ ಬೀಳಬಾರದು. ಹರಕ್ಯಾಗಿದ್ದಾಕಿ." ಆಮೇಲೆ ಅವ್ವನ ಕಡೆ ತಿರುಗಿದಳು. "ಈಗಿನ ಕಾಲದಾಗ ಇಷ್ಟು ಕಲ್ತ ಹುಡುಗಿ ಒದ್ದಿ ಬಟ್ಟಿ ಮ್ಯಾಲ ದೀಡ ನಮಸ್ಕಾರ ಹಾಕ್ತಾಳಂದ್ರ ಸಣ್ಣ ಮಾತಲ್ಲ. ನಮ್ಮ ಸೊಸಿಗಿ ಊದಿನಕಡ್ಡಿ ಹಚ್ಚು ಅಂದ್ರ ಕೈ ನೋಯ್ತಾವ. ಯಾವ ದೇವರಿಗಿ ಹೊತ್ತಾಳ? ಏನಂತ ಹೊತ್ತಾಳ?"

ಅವ್ವ ನನ್ನನ್ನು ನೋಡಿದಳು, ತೆಂಗಿನಕಾಯಿಯನ್ನು ನೋಡಿದಳು. ಮಗಳು ತೋಳು ಬೆಳೆಸುತ್ತಿದ್ದಾಳೆ ಎನ್ನುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ವಿಷಯ ಎಂದು ಅವಳಿಗೆ ಆ ಕ್ಷಣದಲ್ಲೇ ಹೊಳೆದಿರಬೇಕು.

"ಹರಕಿ ಬಾಯಿ ಬಿಟ್ಟು ಹೇಳಿದ್ರ ಫಲ ಹೋಗ್ತದಲ್ರಿ ಅಕ್ಕಾರ" ಎಂದಳು.

ಸುಳ್ಳು ಎಂದು ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಮಾತೊಂದನ್ನು ಹೇಳಿ, ಉಳಿದದ್ದನ್ನು ಕಾಕುವಿನ ಶ್ರದ್ಧೆಗೆ ಬಿಟ್ಟಿದ್ದಳು. ನಾನೂ ತಿದ್ದಲಿಲ್ಲ. ಮೈದಾನದ ಪರೀಕ್ಷೆಯಲ್ಲಿ ಬಿದ್ದರೆ ಓಣಿಯವರ ಮುಂದೆ ಬೀಳಬಾರದು ಎಂದು ನಾನು ಯಾರಿಗೂ ಹೇಳದೆ ಇಟ್ಟಿದ್ದ ಗುಟ್ಟಿಗೆ ಇಂಥ ಗಟ್ಟಿ ಬಾಗಿಲು ತಾನಾಗಿ ಬಂದಿದ್ದರೆ ನಾನೇಕೆ ತೆಗೆಯಲಿ?

ಅಂದಿನಿಂದ ನನಗೆ ಸಿಕ್ಕ ಸೌಕರ್ಯಗಳನ್ನು ಯಾವ ಜಿಮ್ಮೂ ಕೊಡಲಾರದು. ಪಕ್ಕದ ಮಾಳಿಗೆಯಲ್ಲಿ ಹಲ್ಲುಜ್ಜುತ್ತ ನಿಲ್ಲುತ್ತಿದ್ದ ಗಂಡಸರು ಆ ಹೊತ್ತಿಗೆ ಮೇಲೆ ಬರುವುದನ್ನು ಬಿಟ್ಟರು. ಬಂದವನೊಬ್ಬನನ್ನು ಅವನ ತಾಯಿಯೇ, "ನಾಚ್ಕಿ ಇಲ್ಲೇನಲೇ, ಹರಕಿ ನಡದದ" ಎಂದು ಕೆಳಗಿಳಿಸಿದಳು. ಯಾರೋ ನನಗಿಂತ ಮೊದಲೇ ಎದ್ದು ನಮ್ಮ ಮಾಳಿಗೆ ಗುಡಿಸಿ ಹೋಗುತ್ತಿದ್ದರು. ನಾನು ಒಂದೇ ಜಾಗದಲ್ಲಿ ಸಾಲಾಗಿ ದಂಡ ಹೊಡೆದರೆ ಅದು ಕಠಿಣ ವ್ರತ. ಸುಸ್ತಾಗಿ ಬೋರಲು ಬಿದ್ದಿದ್ದರೆ ಅದು ಧ್ಯಾನ. ಬೇಳೆಯ ಚೀಲ ತಲೆಯ ಮೇಲೆತ್ತಿದಾಗ ಅದೇನೆಂದು ಕೆಲವು ದಿನ ಚರ್ಚೆಯಾಯಿತಂತೆ. ಕೊನೆಗೆ ದಾಸೋಹಕ್ಕೆ ಕೊಡುವ ಬೇಳೆಯನ್ನು ದೇವರಿಗೆ ತೋರಿಸುತ್ತಿದ್ದಾಳೆ ಎಂದು ಕಾಕು ಇತ್ಯರ್ಥ ಮಾಡಿದಳು. ಮರುದಿನದಿಂದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, "ನಮ್ಮದೂ ಇರಲಿ" ಎಂದು ಚೀಲಕ್ಕೆ ಒಂದೊಂದು ಹಿಡಿ ಬೇಳೆ ಹಾಕಿ ಕೈಮುಗಿದು ಹೋದರು. ದಾಸೋಹದ ಬೇಳೆಯಾದ್ದರಿಂದ ಅವ್ವನೂ ಈಗ ಅದಕ್ಕೆ ಕೈ ಹಾಕುವಂತಿರಲಿಲ್ಲ. ತೂಕ ವಾರವಾರವೂ ಏರಿತು. ಬಲ ಬೆಳೆಯಬೇಕಾದರೆ ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎನ್ನುತ್ತಾರೆ. ಆ ಕೆಲಸವನ್ನು ನನ್ನ ಪರವಾಗಿ ಇಡೀ ಓಣಿ ವಹಿಸಿಕೊಂಡಿತು. (ಆ ಬೇಳೆಯನ್ನು ಆಮೇಲೆ ದಾಸೋಹಕ್ಕೇ ಕಳಿಸಿದೆವು. ಅಷ್ಟು ಭಯ ನನಗೂ ಇದೆ.)

ಅದೇ ಕೈ, ಅದೇ ಸೊಂಟ, ಅದೇ ಒದ್ದೆ ಬಟ್ಟೆ. ದೇವರಿಗಾಗಿ ಎಂದರೆ ಓಣಿ ಕಣ್ಣು ಮುಚ್ಚಿಕೊಳ್ಳುತ್ತದೆ. ನನಗಾಗಿ ಎಂದಿದ್ದರೆ ಕುರ್ಚಿ ಹಾಕಿಕೊಂಡು ನೋಡುತ್ತಿತ್ತು.

ಕಾಕುವಿನ ತಂಗಿಯನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಇಷ್ಟು ಹೇಳಿದರೆ ಮುಂದಿನದು ಓದುವವರಿಗೆ ತಿಳಿಯುತ್ತದೆ. ಒಂದು ದಿನ ಸೋದರಮಾವನ ಹೆಂಡತಿ, ನಮ್ಮ ಅತ್ತಿ, ಅವ್ವನಿಗೆ ಫೋನ್ ಮಾಡಿದಳು. ಅವಳ ಫೋನಿಗೆ ಸ್ಪೀಕರಿನ ಅಗತ್ಯವಿಲ್ಲ, ದೂರದಿಂದಲೇ ಕೇಳಿಸುತ್ತದೆ.

"ಅಕ್ಕಾರ, ನೀವು ನಮಗ ಒಂದ್ ಮಾತೂ ಹೇಳ್ಲಿಲ್ಲ! ಹುಡುಗಿ ಈ ಮದಿವಿ ಆಗ್ಲಿ ಅಂತ ಹರಕಿ ಹೊತ್ತಾಳಂತ? ಹುಡುಗನ ತಾಯಿಗಿ ಖುಷಿ ಹೇಳತೀರದು. ಎಲ್ಲರ ಮನಿಗಿ ಹೋಗಿ ಹೇಳ್ಲಾಕತ್ತಾಳ. ನಮ್ಮೂರ ಬಸವಣ್ಣನ ಗುಡಿಗೇ ತೀರಸ್ಲಿ ಅಂತಾಳ. ಸೋಮವಾರ. ನಮ್ಮ ಮನಿಯಿಂದ ಗುಡಿ ತನಕ. ಹಲಗಿಯವರಿಗಿ ಹೇಳಿ ಬಿಟ್ಟಾರ."

ಯಾರೂ ಕೇಳದೆ, ಯಾರೂ ಹೇಳದೆ, ನನ್ನ ಹರಕೆಗೆ ಒಂದು ಕಾರಣವೂ ಒಬ್ಬ ದೇವರೂ ಹಲಗೆ ಬಾರಿಸುವವರ ಒಂದು ಮೇಳವೂ ಸಿಕ್ಕಿದ್ದವು. ಕಾರಿಗೆ ಒರಗಿ ನಿಂತವನಿಗಾಗಿ ನಾನು ಬಿಸಿ ನೆಲದ ಮೇಲೆ ಬಿದ್ದೆದ್ದಿದ್ದೆ ಎಂದು ಒಂದಿಡೀ ಊರು ನಂಬಿತ್ತು. ನನ್ನ ಮೈದಾನದ ಪರೀಕ್ಷೆ ಇದ್ದದ್ದು ಅದರ ಮರುದಿನ, ಮಂಗಳವಾರ ಬೆಳಿಗ್ಗೆ.

ಡಾಂಬರು ರಸ್ತೆಯ ಮೇಲೆ ಅಷ್ಟು ದೂರ ದೀಡ ನಮಸ್ಕಾರ ಹಾಕಿದವರ ಅಂಗೈ, ಮೊಣಕೈ ನಾನು ನೋಡಿದ್ದೇನೆ. ಆ ಅಂಗೈಯಲ್ಲಿ ಮರುದಿನ ಚಮಚವನ್ನೂ ಹಿಡಿಯಲಾಗುವುದಿಲ್ಲ. ಕಬ್ಬಿಣದ ಗುಂಡಿನ ಮಾತಂತೂ ದೂರ.

"ಹೇಳಿಬಿಡೋಣ" ಎಂದೆ ಅವ್ವನಿಗೆ.

"ಏನಂತ ಹೇಳ್ತಿ? ದೇವರ ಹೆಸರಿನ್ಯಾಗ ಸುಳ್ ಹೇಳೀವಿ ಅಂತ?"

"ಸುಳ್ಳು ಹೇಳಿಲ್ಲ. ಸುಮ್ಮನಿದ್ದೆವು."

"ಅದನ್ನ ನಿಮ್ಮ ಯುನಿವರ್ಸಿಟ್ಯಾಗ ಹೇಳು, ಕೇಳ್ತಾರ" ಎಂದಳು ಅವ್ವ.

ಆ ಸೋಮವಾರಕ್ಕೆ ಮೊದಲಿನ ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೋದೆವು. ಮಾವನ ಪಡಸಾಲೆಯಲ್ಲಿ ಹುಡುಗನ ತಾಯಿ ತನ್ನ ಕಡೆಯ ಹೆಂಗಸರೊಂದಿಗೆ ಕೂತಿದ್ದಳು. ನಡುವೆ ಒಂದು ಬುಟ್ಟಿ ಕೆಂಪು ಬಾಳೆಹಣ್ಣು. ಕಮಲಾಪುರದವರು ಯಾವ ಮಾತನ್ನಾದರೂ ಈ ಹಣ್ಣು ಮುಂದಿಟ್ಟುಕೊಂಡೇ ಆಡುತ್ತಾರೆ. ಅವಳು ನನ್ನ ಗಲ್ಲ ಸವರಿ ಲಟಿಕೆ ಮುರಿದಳು.

"ನಮ್ಮ ಹುಡುಗನ ಸಲುವಾಗಿ ಒದ್ದಿ ಬಟ್ಟಿ ಮ್ಯಾಲ ಬಿದ್ದೆದ್ದೀ ಅಂತ ಕೇಳಿ ನನ್ನ ಕಣ್ಣಾಗ ನೀರೇ ಬಂದ್ವು ನೋಡವ್ವಾ."

ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಚೀಲ ಎತ್ತುವುದಕ್ಕಿಂತ ಭಾರದ ಕೆಲಸ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳನ್ನು ಒಂದೇ ಉಸಿರಿಗೆ ಹೇಳಿದೆ. "ನಾನು ಯಾವ ಹರಕೆಯೂ ಹೊತ್ತಿಲ್ಲರಿ. ನೀವು ಕೇಳಿದ್ದು ತಪ್ಪು. ಅದು ವ್ಯಾಯಾಮ. ತೋಳಿಗೆ ಬಲ ಬರಲಿ ಅಂತ ಮಾಡತಿದ್ದೆ."

ಹುಡುಗನ ತಾಯಿ ಮೆಚ್ಚುಗೆಯಿಂದ ತಲೆದೂಗಿ ಪಕ್ಕದವಳ ತೊಡೆಗೆ ತಟ್ಟಿದಳು. "ನೋಡಿದೇನು? ಬಾಯಿ ಬಿಡಂಗಿಲ್ಲ! ಹರಕಿ ಹೊತ್ತಾಕಿ ಅಂದ್ರ ಹಿಂಗಿರಬೇಕು."

"ಖರೇನೇ ಇಲ್ಲರಿ" ಎಂದೆ.

"ಇಲ್ಲ, ಇಲ್ಲ. ನೀ ಹೇಳಬ್ಯಾಡ. ನಾವೂ ಕೇಳಂಗಿಲ್ಲ."

ಬೇರೆ ದಾರಿ ಕಾಣದೆ ನಾನು ದುಪಟ್ಟಾ ಸೊಂಟಕ್ಕೆ ಬಿಗಿದು, ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಕೈಯೂರಿ ದಂಡ ಹೊಡೆದು ತೋರಿಸಿದೆ. ಬೆನ್ನು ನೇರ, ಮೊಣಕೈ ಮೈಗೆ ಹತ್ತಿರ, ಎದೆ ನೆಲಕ್ಕೆ ತಾಕುವಷ್ಟು ಕೆಳಗೆ. ಅಷ್ಟು ಚೆನ್ನಾಗಿ ಅದುವರೆಗೆ ಎಂದೂ ಹೊಡೆದಿರಲಿಲ್ಲ. ಏಳುವಾಗ ನೋಡಿದರೆ ಅವರ ಕಡೆಯ ಮುದುಕಿಯೊಬ್ಬಳು ಎದ್ದು ನಿಂತು ನನ್ನ ಮುಂದೆ ಕೈಮುಗಿದಿದ್ದಳು. ಅತ್ತಿ ಒಳಗಿನಿಂದ ವಿಭೂತಿ ತರಲು ಓಡಿದ್ದಳು.

ಆಗ ಅರಣ್ಯ ಇಲಾಖೆಯ ಹೆಸರು ಹೇಳಬೇಕಾಯಿತು. ಪರೀಕ್ಷೆ, ಗುಂಡು, ಮಂಗಳವಾರ, ನೌಕರಿ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಮಾವ ನಕ್ಕುಬಿಟ್ಟ. "ನಮ್ಮ ಜಿಲ್ಲಾದಾಗ ಅರಣ್ಯ ಎಲ್ಲದವಾ? ಜಾಲಿ ಕಂಟಿ ಕಾಯ್ಲಾಕ ಎಂ.ಎಸ್ಸಿ. ಬೇಕೇನು?"

ಹುಡುಗನ ತಾಯಿ ನಗಲಿಲ್ಲ. ಅವಳು ನನ್ನ ಮಾತನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. "ಹಂಗಾರ ಇಷ್ಟು ದಿವಸ ದೀಡ ನಮಸ್ಕಾರ ಹಾಕಿದ್ದು ನೌಕರಿ ಸಲುವಾಗಿ. ನಮ್ಮ ಹುಡುಗನ ಸಲುವಾಗಿ ಅಲ್ಲ."

ವ್ಯಾಯಾಮ ಎಂಬ ಮಾತನ್ನು ಅಲ್ಲಿ ಯಾರೂ ಕೇಳಿಸಿಕೊಂಡೇ ಇರಲಿಲ್ಲ. ನಾನು ಬಿದ್ದೆದ್ದದ್ದು ಅವರಿಗೆ ತಪ್ಪಾಗಿ ಕಾಣಲಿಲ್ಲ. ಯಾರ ಸಲುವಾಗಿ ಬಿದ್ದೆ ಎಂಬುದರಲ್ಲಿ ತಪ್ಪಿತ್ತು.

"ಹೌದ್ರಿ" ಎಂದೆ. ಹರಕೆಯ ವಿಷಯದಲ್ಲಿ ನಾನು ಬಾಯಿ ಬಿಟ್ಟು ಹೇಳಿದ ಒಂದೇ ಸುಳ್ಳು ಅದು. ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು.

ಅವರು ಎದ್ದು ಹೋದರು. ಹಲಗೆಯವರಿಗೆ ಬೇಡವೆಂದು ಹೇಳಿ ಕಳಿಸಿದರು. ಅತ್ತಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತಿದ್ದು, "ಬಾಳಿಹಣ್ಣರ ಬಿಟ್ಟು ಹೋದ್ರು, ದೊಡ್ಡ ಮಂದಿ" ಎಂದು ಬುಟ್ಟಿಯನ್ನು ನಮ್ಮ ಚೀಲಕ್ಕೆ ಸುರಿದಳು. ವಾಪಸು ಬರುವಾಗ ಅವ್ವ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತ ಕೂತಳು. ನಾನು ಎರಡು ಹಣ್ಣು ತಿಂದೆ. ದಂಡ ಹೊಡೆದ ಮೇಲೆ ಬಾಳೆಹಣ್ಣು ಒಳ್ಳೆಯದು.

ಮಂಗಳವಾರ ಅವ್ವ ಜೊತೆಗೆ ಬಂದು ಗೇಟಿನ ಹೊರಗೆ ನಿಂತಳು. ಒಳಗೆ ಮೈದಾನದಲ್ಲಿ ಓಟವೂ ಜಿಗಿತವೂ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಗುಂಡಿಗೆ ಮೂರು ಅವಕಾಶ. ಮೊದಲನೆಯದು ಬೆವರಿದ ಕೈಯಿಂದ ಜಾರಿ ಪಕ್ಕದ ಗೆರೆ ದಾಟಿತು. ಬಾವುಟ ಹಿಡಿದವನು ತಲೆಯಾಡಿಸಿದ. ಎರಡನೆಯದನ್ನು ಹೆದರಿ ತೋಳಿನಿಂದ ಮಾತ್ರ ಎಸೆದೆ. ಗೆರೆಗೆ ಒಂದು ಗೇಣು ಈಚೆ ಬಿತ್ತು. ನನ್ನ ಹಿಂದೆ ನಿಂತಿದ್ದ ಆಳಂದ ಕಡೆಯ ಹುಡುಗಿ, "ಮಣ್ಣ ಹಚ್ಕೊಳ್ರೀ ಅಕ್ಕಾ" ಎಂದಳು. ಅಂಗೈಗೆ ಮಣ್ಣು ಉಜ್ಜಿಕೊಂಡೆ. ಚೀಲ ಭಾರವಾದ ದಿನಗಳಲ್ಲಿ ಅದನ್ನು ತೋಳಿನಿಂದ ಎತ್ತಲು ಆಗುತ್ತಲೇ ಇರಲಿಲ್ಲ. ಮೊಣಕಾಲು ಬಗ್ಗಿಸಿ, ನೆಲವನ್ನು ಒದ್ದು, ಆ ಒದೆತವನ್ನು ಹೆಗಲವರೆಗೆ ತರಬೇಕಿತ್ತು. ಮೂರನೆಯದನ್ನು ಹಾಗೆ ತಳ್ಳಿದೆ. ಗುಂಡು ಗೆರೆಯಾಚೆ ದಪ್ಪನೆ ಬಿದ್ದು ಧೂಳೆದ್ದಿತು. ಟೇಪು ಹಿಡಿದವನು ಅಳೆದು, ಬರೆದುಕೊಂಡು, ನನ್ನ ಮುಖ ನೋಡದೆ "ಹೂಂ, ಮುಂದಿನವರು" ಎಂದ. ಇಷ್ಟು ತಿಂಗಳಲ್ಲಿ ನನ್ನ ತೋಳಿನ ಬಗ್ಗೆ ಒಬ್ಬರು ಹೇಳಿದ ಸರಿಯಾದ ಮಾತು ಅದೊಂದೇ.

ಆಯ್ಕೆಯಾದವರಲ್ಲಿ ನನ್ನ ಹೆಸರಿದೆ ಎಂದು ತಿಳಿದ ದಿನ ಓಣಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಕಾಕು ಬಾಗಿಲಿಗೆ ಬಂದು ಘೋಷಿಸಿದಳು: "ನಾ ಹೇಳಿದ್ದಿಲ್ಲೇನು? ಅಷ್ಟು ಕಠಿಣ ಹರಕಿ ಫಲಿಸದ ಇರ್ತದೇನು?" ದಾಸೋಹಕ್ಕೆ ಒಂದು ಹಿಡಿ ಬೇಳೆ ಹಾಕಿದವರೆಲ್ಲ ನನ್ನ ನೌಕರಿಯಲ್ಲಿ ತಮ್ಮದೊಂದು ಪಾಲಿದೆ ಎಂಬಂತೆ ಪೇಢೆ ತಿಂದರು. ಎಲ್ಲರೂ ಹೋದ ಮೇಲೆ ನಾನು ಅವ್ವನಿಗೆ ನಗುತ್ತ, "ನನ್ನ ತೋಳಿಗೆ ಒಬ್ಬರೂ ಒಂದು ಪೇಢೆ ಕೊಡಲಿಲ್ಲ ನೋಡು" ಎಂದೆ.

ಅವ್ವ ನಗಲಿಲ್ಲ. ಖಾಲಿ ಡಬ್ಬಿ ಒರೆಸುತ್ತಿದ್ದಳು. "ಹರಕಿ ಹೊತ್ತಾಗದ" ಎಂದಳು.

"ಯಾರು?"

"ನಾನು. ಆವತ್ತ ನೀ ಒಳಗ ಗುಂಡ್ ಒಗ್ಯಾಕ ಹ್ವಾದಾಗ ಗೇಟಿನ ಹೊರಗ ನಿಂತು ಹೊತ್ತೀನಿ. ದೇವರ ಹೆಸರಿನ್ಯಾಗ ಅಷ್ಟು ದಿನ ಮಂದಿಗಿ ಮೋಸ ಮಾಡೀವಿ. ಅಂವ ಸಿಟ್ಟಿಗೆದ್ದು ನಿನ್ನ ಕೈ ಕಟ್ಟಿದ್ರ? ನೀ ಪಾಸಾದ್ರ ಕಮಲಾಪುರದ ಬಸವಣ್ಣಗ ನಾನೇ ದೀಡ ನಮಸ್ಕಾರ ಹಾಕ್ತೀನಿ ಅಂದೀನಿ."

ಅವಳ ಮೊಣಕಾಲು ನನಗೆ ಗೊತ್ತು. ನೆಲದ ಮೇಲೆ ಕೂತರೆ ಏಳಲು ಅವಳಿಗೆ ಒಂದು ಗೋಡೆಯೂ ಒಬ್ಬ ಮನುಷ್ಯನೂ ಬೇಕು. "ನಾನು ಹಾಕ್ತೀನಿ. ನನಗೆ ಅಭ್ಯಾಸ ಇದೆ" ಎಂದೆ.

"ನಾ ಹೊತ್ತ ಹರಕಿ ನೀ ತೀರಿಸಿದ್ರ ಅಂವ ಲೆಕ್ಕಕ್ಕ ಹಿಡೀತಾನೇನು?" ಎಂದಳು.

ಗುಡಿಯ ಪ್ರಾಕಾರದೊಳಗೆ, ಬಾಗಿಲಿನಿಂದ ಗರ್ಭಗುಡಿಯವರೆಗೆ ಮಾತ್ರ ಎಂದು ದೇವರ ಪರವಾಗಿ ನಾನು ಒಪ್ಪಿಸಿದೆ. ನನ್ನ ನೇಮಕದ ಆದೇಶ ಬರುವಷ್ಟರಲ್ಲಿ ಅವಳನ್ನು ಸಿದ್ಧಪಡಿಸಬೇಕಿತ್ತು. ಅದೇ ನಸುಕು, ಅದೇ ಮಾಳಿಗೆ. ಮೊದಲು ಕುರ್ಚಿ: ಕೈಯೂರದೆ ಕೂತು ಏಳುವುದು. ಆಮೇಲೆ ಕುರ್ಚಿಗಿಂತ ಗಿಡ್ಡನೆಯ ಮಣೆ. ಗೋಡೆಗೆ ಕೈಯೂರಿ ದಂಡ. ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಪ್ರತಿ ಸಲಕ್ಕೂ ನನ್ನ ಓದಿಗೆ ಒಂದು ಬೈಗುಳ ಸೇರಿಸಿ ಮಾಡಿದಳು.

"ನಿನ್ನ ಅರಣ್ಯ ಎಲ್ಲದನೋ ನಾ ಕಾಣೆ. ನನ್ನ ಮೊಣಕಾಲಂತೂ ಇಲ್ಲೇ ಅವ. ಸಾವಕಾಶ ಹೇಳ."

"ಉಸಿರು ಬಿಡು, ಅವ್ವ. ಏಳುವಾಗ ಬಿಡಬೇಕು."

"ಉಸುರು ಬಿಟ್ಟೇ ಹೊಂಟೀನಿ ನಾ."

ಒಂದು ಬೆಳಿಗ್ಗೆ ಅವಳು ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ಕೈಮುಗಿದು, ಅಂಗೈ ಊರಿ, ಒಂದು ಮೊಣಕಾಲು ಮುಂದಿಟ್ಟು, ಹಲ್ಲು ಕಚ್ಚಿ ಎದ್ದು ನಿಂತಳು. ನಾನು ಚಾಚಿದ ಕೈಯನ್ನು ಮುಟ್ಟಲಿಲ್ಲ. ಎದ್ದವಳು ನನ್ನನ್ನು ನೋಡಲಿಲ್ಲ, ಎದುರಿನ ಮಾಳಿಗೆಯ ಕಡೆ ನೋಡಿದಳು. ಅಲ್ಲಿ ಹಪ್ಪಳದ ಮೊರ ಮಾತ್ರ ಇತ್ತು, ಕಾಕು ಇರಲಿಲ್ಲ. ಅವ್ವನ ಮುಖ ಸ್ವಲ್ಪ ಬಾಡಿತು.

"ಆಕಿ ಮ್ಯಾಲ ಬರತನ ತಡಿ" ಎಂದು ಚಾಪೆ ಸರಿ ಮಾಡಿಕೊಂಡಳು. "ಇನ್ನೊಮ್ಮಿ ಹಾಕ್ತೀನಿ."